ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಸೈಕಲ್ ಆರಿಸಿ

ಜೂನ್ ತಿಂಗಳು ಬಂತೆಂದರೆ ನಮ್ಮ ಶಾಲೆಯ ಅಂಗಳದಲ್ಲಿ ಎರಡು ಪ್ರಶ್ನೆಗಳು ಗ್ಯಾರಂಟಿ. ಒಂದು, "ಮಾಷ್ಟ್ರೇ, ಕನ್ನಡ ಪಠ್ಯಪುಸ್ತಕ ಬಂತಾ?" ಇನ್ನೊಂದು, "ಮಾಷ್ಟ್ರೇ, ಮಗನಿಗೆ ಗೇರ್ ಸೈಕಲ್ಲೇ ಬೇಕಂತೆ, ಯಾವುದು ತೆಗೆದುಕೊಡಲಿ?" ಮೊದಲನೆಯದಕ್ಕೆ ಉತ್ತರ ನನ್ನ ಕೈಯಲ್ಲಿಲ್ಲ, ಬಿಡಿ. ಎರಡನೆಯದಕ್ಕೆ ಮಾತ್ರ ನನ್ನ ಬಳಿ ಒಂದು ಉತ್ತರ ಇದೆ. ಅದನ್ನು ಒಬ್ಬೊಬ್ಬರಿಗೂ ಗೇಟಿನ ಬಳಿ ನಿಂತು ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದೇ ಮೇಲು ಅನ್ನಿಸಿತು.

ಕಾಸರಗೋಡಿನ ಒಳನಾಡು ನೋಡದವರಿಗೆ ಮೊದಲು ನಮ್ಮ ಭೂಗೋಳ ಹೇಳಬೇಕು. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು, ಪೈವಳಿಕೆ... ಈ ಕಡೆಯಲ್ಲೆಲ್ಲ ನೆಲ ಚಪ್ಪಟೆಯಾಗಿ ಇರುವುದೇ ಅಪರೂಪ. ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು. ಅಡಿಕೆ ತೋಟ, ಕೆರೆ, ಮನೆ ಎಲ್ಲ ಕೆಳಗೆ. ಬಸ್ಸು ಹೋಗುವ ರಸ್ತೆ ಮೇಲೆ. ಎರಡರ ನಡುವೆ ಒಂದು ಕಡಿದಾದ ದಾರಿ. ಅದರಲ್ಲಿ ಸ್ವಲ್ಪ ದೂರ ಕಾಂಕ್ರೀಟು, ಸ್ವಲ್ಪ ದೂರ ಡಾಮರು ಕಿತ್ತುಹೋದ ಜಲ್ಲಿ, ಉಳಿದದ್ದು ಕೆಂಪು ಮಣ್ಣು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಆಟಿ ತಿಂಗಳಲ್ಲಿ ಆ ಕಾಂಕ್ರೀಟಿನ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ಬಿದ್ದ ಅಡಿಕೆ ಹಾಳೆ. ನಡೆದುಕೊಂಡು ಹೋಗುವವರೇ ಜಾರುತ್ತಾರೆ!

ಇಂಥ ದಾರಿಯಲ್ಲಿ ನಮ್ಮ ಮಕ್ಕಳು ಶಾಲೆಗೆ ಬರುತ್ತಾರೆ. ಹತ್ತಿರದ ಶಾಲೆಯಲ್ಲಿ ಕನ್ನಡ ವಿಭಾಗ ಇಲ್ಲದ ಮಗು ಅದನ್ನು ದಾಟಿ ಇನ್ನೊಂದು ಗುಡ್ಡೆಯಾಚೆಗೆ ಹೋಗಬೇಕು. ಬಸ್ಸು ಸಿಕ್ಕರೆ ಬಸ್ಸು, ಜೀಪು ಸಿಕ್ಕರೆ ಜೀಪು, ಎರಡೂ ಇಲ್ಲದಿದ್ದರೆ ಕಾಲು. ಈ ಲೆಕ್ಕದಲ್ಲಿ ಒಂದು ಒಳ್ಳೆಯ ಸೈಕಲ್ ಸೇರಿಕೊಂಡರೆ ಕನ್ನಡ ಶಾಲೆ ಸ್ವಲ್ಪ ಹತ್ತಿರವಾಗುತ್ತದೆ. ಹಾಗಾಗಿ ಸೈಕಲ್ ನಮಗೆ ಬರೀ ಆಟದ ಸಾಮಾನಲ್ಲ. ಮಗು ಯಾವ ಭಾಷೆಯಲ್ಲಿ ಓದುತ್ತದೆ ಎನ್ನುವ ಪ್ರಶ್ನೆಗೂ ಅದರ ಚಕ್ರಕ್ಕೂ ನಂಟಿದೆ.

ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಗುಡ್ಡೆಗಳಿಗೆ ಸೈಕಲ್ ಆರಿಸುವವರು ಅದು ಹೇಗೆ ಹತ್ತುತ್ತದೆ ಎಂದು ನೋಡುವ ಮೊದಲು ಹೇಗೆ ಇಳಿಯುತ್ತದೆ ಎಂದು ನೋಡಬೇಕು. ಹತ್ತುವಾಗ ಕಷ್ಟವಾದರೆ ಇಳಿದು ತಳ್ಳಿಕೊಂಡು ಹೋಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಇಳಿಯುವಾಗ ಬ್ರೇಕು ಕೈಕೊಟ್ಟರೆ ಎರಡನೇ ದಾರಿ ಇಲ್ಲ.

ಆದರೆ ಅಂಗಡಿಯಲ್ಲಿ ನಡೆಯುವುದು ಇದರ ತಿರುಗುಮುರುಗು. ಮಗ ಮೊದಲು ಕೇಳುವುದು "ಎಷ್ಟು ಗೇರ್?" ಆಮೇಲೆ "ಡಬಲ್ ಶಾಕರ್ ಇದೆಯಾ?" ಅಪ್ಪ ಕೇಳುವುದು "ಎಷ್ಟು ರೂಪಾಯಿ?" ಬ್ರೇಕನ್ನು ಯಾರೂ ಕೇಳುವುದಿಲ್ಲ. ಅಂಗಡಿಯವನು ಮುಂದಿನ ಜಗಲಿಯಲ್ಲಿ ಸೈಕಲ್ ನಿಲ್ಲಿಸಿ ಲಿವರನ್ನು ಒಮ್ಮೆ ಒತ್ತಿ ತೋರಿಸುತ್ತಾನೆ, ಚಕ್ರ ನಿಲ್ಲುತ್ತದೆ, ಮುಗಿಯಿತು. ಚಪ್ಪಟೆ ನೆಲದಲ್ಲಿ, ಒಣ ಚಕ್ರದಲ್ಲಿ, ಮೇಲೆ ಯಾರೂ ಕೂತಿಲ್ಲದಾಗ!

ಅಂದಹಾಗೆ, 'ಮೌಂಟೇನ್ ಬೈಕ್' ಅಥವಾ ಎಂಟಿಬಿ ಎಂದು ಈಗ ಎಲ್ಲರೂ ಕರೆಯುವ ಈ ಸೈಕಲ್ಲು ಹುಟ್ಟಿದ್ದೇ ಗುಡ್ಡ ಇಳಿಯುವುದಕ್ಕೆ. ಆ ಕಥೆ ಸ್ವಾರಸ್ಯದ್ದು, ಹೇಳುತ್ತೇನೆ ಕೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರೀನ್ ಎಂಬ ಜಿಲ್ಲೆ ಇದೆ. ಅಲ್ಲಿ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಪೇಟೆಯ ಪಕ್ಕದ ಗುಡ್ಡದಲ್ಲಿ ಒಂದು ಮಣ್ಣಿನ ದಾರಿ. ಸುಮಾರು 3.4 ಕಿಲೋಮೀಟರ್ ಉದ್ದ, ಅಷ್ಟರೊಳಗೆ ಹತ್ತಿರ ಹತ್ತಿರ 400 ಮೀಟರ್ ಇಳಿಜಾರು. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು 1930–40ರ ಕಾಲದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ತಂದು, ಈ ದಾರಿಯಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಗುಂಭದೊಳಗೆ ಹಿಡಿಯುವ ಹಳೆಯ ಬ್ರೇಕು. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಗುಂಭ ಎಷ್ಟು ಕಾದಿರುತ್ತಿತ್ತೆಂದರೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹಾರಿಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ತುಂಬುವುದಕ್ಕೆ ಅವರ ಭಾಷೆಯಲ್ಲಿ 'ರಿಪ್ಯಾಕ್'. ದಾರಿಗೆ ಅದೇ ಹೆಸರಾಯಿತು.

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಅದನ್ನು ನಡೆಸುತ್ತಿದ್ದವರು ಚಾರ್ಲಿ ಕೆಲ್ಲಿ. ಆ ದಾರಿಯಲ್ಲಿ ಗ್ಯಾರಿ ಫಿಶರ್ ಎಂಬಾತನ ದಾಖಲೆ 4 ನಿಮಿಷ 22 ಸೆಕೆಂಡು. ಲೆಕ್ಕ ಹಾಕಿ ನೋಡಿ, ಗಂಟೆಗೆ ಸರಾಸರಿ 45 ಕಿಲೋಮೀಟರಿಗೂ ಹೆಚ್ಚು! ಹಳೇ ಸೈಕಲ್ಲುಗಳು ಇದನ್ನು ತಾಳಿಕೊಳ್ಳಲಿಲ್ಲ. ಹಾಗಾಗಿ ಅವರು ಡ್ರಮ್ ಬ್ರೇಕು, ಮೋಟಾರ್ ಸೈಕಲಿನ ಬ್ರೇಕ್ ಲಿವರು, ಗೇರು ಎಲ್ಲ ತಂದು ಜೋಡಿಸಿದರು. 1977ರಲ್ಲಿ ಜೋ ಬ್ರೀಝ್ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಕಾರ್ಖಾನೆಯಲ್ಲಿ ಸಾಲು ಸಾಲಾಗಿ ತಯಾರಾಗಿ ಮಾರುಕಟ್ಟೆಗೆ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಇದು ಒಂದು ಸ್ಪರ್ಧೆಯೂ ಆಯಿತು. ಈ ಇಡೀ ಕಥೆಯ ಮೂಲದಲ್ಲಿ ಇರುವುದು ಕಾದುಹೋದ ಒಂದು ಬ್ರೇಕು. ಅದನ್ನು ಮರೆತು ನಾವು ಗೇರ್ ಎಣಿಸುತ್ತಾ ಕೂತಿದ್ದೇವೆ.

ಗ್ರೀಸು ಯಾಕೆ ಹೊಗೆಯಾಯಿತು? ಇದು ಹೈಸ್ಕೂಲಿನ ವಿಜ್ಞಾನ ಪಾಠವೇ. ಎತ್ತರದಲ್ಲಿರುವ ವಸ್ತುವಿಗೆ ಸ್ಥಿತಿಶಕ್ತಿ ಇರುತ್ತದೆ. ಕೆಳಗೆ ಬಂದು ನಿಂತಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ? ಸ್ವಲ್ಪ ಗಾಳಿಗೆ ಹೋಗುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಮಗು, ಚೀಲ, ಸೈಕಲ್ ಸೇರಿ 60 ಕಿಲೋ ಎಂದುಕೊಳ್ಳಿ. 100 ಮೀಟರ್ ಎತ್ತರದಿಂದ ಇಳಿದರೆ 60 × 10 × 100, ಅಂದರೆ 60,000 ಜೂಲ್. ಒಂದು ಲೋಟ ತಣ್ಣೀರನ್ನು ಚಹಾಕ್ಕೆ ಕುದಿಸಲು ಹೆಚ್ಚುಕಡಿಮೆ ಇಷ್ಟೇ ಶಕ್ತಿ ಸಾಕು. ನಿಮ್ಮ ಮಗಳು ಗುಡ್ಡೆ ಇಳಿಯುವಾಗ ಆ ಎರಡು ಸಣ್ಣ ರಬ್ಬರು ತುಂಡುಗಳು ಒಂದು ಲೋಟ ನೀರು ಕುದಿಸುವಷ್ಟು ಬಿಸಿಯನ್ನು ನುಂಗುತ್ತವೆ. ಮತ್ತೊಂದು ಲೆಕ್ಕ: ಬ್ರೇಕೇ ಹಿಡಿಯದೆ ಬರೀ 10 ಮೀಟರ್ ಎತ್ತರ ಇಳಿದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ವೇಗ ಗಂಟೆಗೆ 50 ಕಿಲೋಮೀಟರ್. 10 ಮೀಟರ್ ಎಂದರೆ ಎಷ್ಟು? ಒಂದು ಎಳೆಯ ತೆಂಗಿನ ಮರದಷ್ಟು.

ಇನ್ನೂ ಒಂದು ಸಂಗತಿ ಇದೆ, ಇದು ಬಹಳ ಮುಖ್ಯ. ಹತ್ತು ಮೀಟರ್ ಮುಂದೆ ಹೋಗುವಾಗ ಒಂದು ಮೀಟರ್ ಇಳಿಯುವ ದಾರಿ ನಮ್ಮಲ್ಲಿ ಸಾಮಾನ್ಯ. ಅಂಥ ಇಳಿಜಾರು ಸೈಕಲ್ಲಿನ ವೇಗವನ್ನು ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಹೆಚ್ಚಿಸುತ್ತಾ ಹೋಗುತ್ತದೆ. ಈಗ ಒಂದು ಸಾಧಾರಣ ಬ್ರೇಕು ಚಪ್ಪಟೆ ರಸ್ತೆಯಲ್ಲಿ ವೇಗವನ್ನು ಪ್ರತಿ ಸೆಕೆಂಡಿಗೆ 1 ಮೀಟರಿನಷ್ಟು ತಗ್ಗಿಸುತ್ತದೆ ಎನ್ನೋಣ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದ್ದ ಸೈಕಲ್ಲು ಹನ್ನೆರಡೂವರೆ ಮೀಟರಿನಲ್ಲಿ ನಿಲ್ಲುತ್ತದೆ. "ಸ್ವಲ್ಪ ನಿಧಾನ, ಆದರೂ ನಿಲ್ಲುತ್ತದಲ್ಲ" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಅದೇ ಬ್ರೇಕು ಆ ಇಳಿಜಾರಿನಲ್ಲಿ? ಒಂದರಿಂದ ಒಂದು ಕಳೆದರೆ ಸೊನ್ನೆ. ಸೈಕಲ್ಲು ನಿಧಾನವಾಗಿ ನಿಲ್ಲುವುದಲ್ಲ, ನಿಲ್ಲುವುದೇ ಇಲ್ಲ! ಚಪ್ಪಟೆ ಊರಿನಲ್ಲಿ 'ನಡೆಯುತ್ತದೆ' ಎನ್ನಿಸಿಕೊಳ್ಳುವ ಬ್ರೇಕು ನಮ್ಮ ಗುಡ್ಡೆಯಲ್ಲಿ ಬ್ರೇಕೇ ಅಲ್ಲ. ಅಂಗಡಿಯ ಜಗಲಿಯಲ್ಲಿ ಇದು ಗೊತ್ತಾಗುವುದಿಲ್ಲ.

ಹಾಗಾದರೆ ಯಾವ ಬ್ರೇಕು? ನನ್ನ ಪ್ರಕಾರ ಹೀಗೆ.

ಹೊಳೆಯುವ ಕ್ರೋಮಿನ ಸ್ಟೀಲ್ ರಿಮ್ಮನ್ನು ರಬ್ಬರು ಹಿಡಿಯುವ ಬ್ರೇಕಿದ್ದರೆ ಅದನ್ನು ಮುಟ್ಟಬೇಡಿ. ಒದ್ದೆಯಾದ ಸ್ಟೀಲಿನ ಮೇಲೆ ರಬ್ಬರು ಜಾರುತ್ತದೆ, ನಮ್ಮ ಮಳೆಗಾಲಕ್ಕೆ ಅದು ಆಗದು. ಅಲ್ಯುಮಿನಿಯಂ ರಿಮ್ಮು, ಒಳ್ಳೆಯ ವಿ-ಬ್ರೇಕು, ಒಳ್ಳೆಯ ಪ್ಯಾಡು ಇದ್ದರೆ ಪರವಾಗಿಲ್ಲ. ಆದರೆ ಕೆಂಪು ಮಣ್ಣಿನ ಕೆಸರು ಸೇರಿ ರಿಮ್ಮು ಸವೆಯುತ್ತದೆ, ಪ್ಯಾಡನ್ನು ಮಳೆಗಾಲದಲ್ಲಿ ಆಗಾಗ ನೋಡುತ್ತಿರಬೇಕು. ಡಿಸ್ಕ್ ಬ್ರೇಕಿನ ತಟ್ಟೆ ಇರುವುದು ಚಕ್ರದ ನಡುವೆ, ಕೆಸರಿನಿಂದ ದೂರ. ಮಳೆಯಲ್ಲೂ ಹಿಡಿಯುತ್ತದೆ. ಹಾಗಾಗಿ ನಮಗೆ ಡಿಸ್ಕೇ ಒಳ್ಳೆಯದು.

ಡಿಸ್ಕಿನಲ್ಲಿ ಎರಡು ಬಗೆ. ತಂತಿಯಿಂದ ಎಳೆಯುವ ಮೆಕ್ಯಾನಿಕಲ್, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್. ಹೈಡ್ರಾಲಿಕ್ ಆದರೆ ಒಂದು ಬೆರಳಿನಲ್ಲಿ ಒತ್ತಿದರೆ ಸಾಕು. ಸಣ್ಣ ಕೈಯ ಮಕ್ಕಳಿಗೆ, ಉದ್ದ ಇಳಿಜಾರಿಗೆ ಅದು ನಿಜಕ್ಕೂ ಮೇಲು. ಆದರೆ ಅದರೊಳಗೆ ಗಾಳಿ ಸೇರಿದರೆ ಎಣ್ಣೆ ತೆಗೆದು ತುಂಬಬೇಕು, ಆ ಕೆಲಸ ಬಲ್ಲವರು ಎಲ್ಲ ಊರಿನಲ್ಲೂ ಇಲ್ಲ. ಮೆಕ್ಯಾನಿಕಲ್ಲಿನ ತಂತಿಯನ್ನು ನಮ್ಮ ಪೇಟೆಯ ಸೈಕಲ್ ಅಂಗಡಿಯವರು ಹತ್ತು ನಿಮಿಷದಲ್ಲಿ ಬದಲಿಸುತ್ತಾರೆ. ನೀವಿರುವಲ್ಲಿಂದ ಕಾಸರಗೋಡಿಗೋ ಮಂಗಳೂರಿಗೋ ವರ್ಷಕ್ಕೊಮ್ಮೆ ಸೈಕಲ್ ಒಯ್ಯಲು ಸಾಧ್ಯವಿದ್ದರೆ ಹೈಡ್ರಾಲಿಕ್, ಇಲ್ಲದಿದ್ದರೆ ಒಳ್ಳೆಯ ಮೆಕ್ಯಾನಿಕಲ್. 'ಡಿಸ್ಕ್' ಎಂಬ ಹೆಸರಿಗೆ ಮಾತ್ರ ಮರುಳಾಗಬೇಡಿ. ತೀರಾ ಅಗ್ಗದ, ಅಲುಗಾಡುವ ಡಿಸ್ಕಿಗಿಂತ ಒಳ್ಳೆಯ ವಿ-ಬ್ರೇಕು ಎಷ್ಟೋ ವಾಸಿ. ತಟ್ಟೆಯ ಅಗಲ 160 ಮಿಲಿಮೀಟರ್ ಇರುವುದು ಸಾಮಾನ್ಯ. ಎತ್ತರದ, ಭಾರದ ಮಕ್ಕಳಿಗೆ ಮುಂದಿನ ಚಕ್ರಕ್ಕೆ 180 ಇದ್ದರೆ ಚೆನ್ನ. ತಟ್ಟೆ ದೊಡ್ಡದಾದಷ್ಟೂ ಹಿಡಿತ ಹೆಚ್ಚು, ಬಿಸಿಯನ್ನೂ ಚೆನ್ನಾಗಿ ತಾಳುತ್ತದೆ.

ಮತ್ತೆ ಮಗುವಿನ ಬೆರಳು. ಹ್ಯಾಂಡಲ್ ಹಿಡಿದಾಗ ತೋರುಬೆರಳೂ ನಡುಬೆರಳೂ ಬ್ರೇಕ್ ಲಿವರಿಗೆ ಸಲೀಸಾಗಿ ಎಟುಕಬೇಕು. ಹೆಚ್ಚಿನ ಲಿವರುಗಳಲ್ಲಿ ಅದನ್ನು ಹತ್ತಿರಕ್ಕೆ ತರಲು ಒಂದು ಸಣ್ಣ ತಿರುಪು ಇರುತ್ತದೆ. ಆ ತಿರುಪು ಒಂದು ಪೈಸೆ ಖರ್ಚಿಲ್ಲದೆ ಸಿಗುವ ಸುರಕ್ಷತೆ, ಆದರೆ ಅದನ್ನು ತಿರುಗಿಸಿಕೊಟ್ಟ ಅಂಗಡಿ ನಾನು ಕಂಡದ್ದು ಕಡಿಮೆ. ನೀವೇ ಕೇಳಿ ಮಾಡಿಸಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರು ಮುಂದಿನ ಚಕ್ರದ್ದು. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿನಲ್ಲೇ. "ಮುಂದಿನದನ್ನು ಹಿಡಿಯಬೇಡ, ಮಗುಚಿ ಬೀಳುತ್ತೀಯಾ" ಎಂದು ಹೆದರಿಸಿ ಬೆಳೆಸಿದ ಮಗು ಅರ್ಧಕ್ಕಿಂತ ಕಡಿಮೆ ಬ್ರೇಕಿನಲ್ಲಿ ಗುಡ್ಡೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ, ಇಳಿಜಾರು ಶುರುವಾಗುವ ಮೊದಲೇ ಹಿಡಿಯಲು ಕಲಿಸಬೇಕು.

ಮಗುಚಿ ಬೀಳುವ ಭಯಕ್ಕೆ ಉತ್ತರ ಸೈಕಲ್ಲಿನ ಆಕಾರದಲ್ಲಿದೆ. ಕೋನಮಾಪಕ ಗೊತ್ತಲ್ಲ? ಮುಂದಿನ ಫೋರ್ಕಿನ ಮೇಲ್ಭಾಗದ ಕೊಳವೆ ನೆಲದೊಂದಿಗೆ ಮಾಡುವ ಕೋನವನ್ನು ನೋಡಿ. ಹಳೆಯ ಮಾದರಿಯ ಎಂಟಿಬಿಗಳಲ್ಲಿ ಅದು 70–71 ಡಿಗ್ರಿ. ಈಗಿನ ಕಡಿದಾದ ಇಳಿಜಾರಿನ ಸೈಕಲ್ಲುಗಳಲ್ಲಿ 64–66. ಕೋನ ಕಡಿಮೆಯಾದಷ್ಟೂ ಮುಂದಿನ ಚಕ್ರ ಸವಾರನಿಗಿಂತ ಹೆಚ್ಚು ಮುಂದಕ್ಕೆ ಇರುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಮಗುಚುವುದು ಕಷ್ಟ, ವೇಗದಲ್ಲೂ ಹ್ಯಾಂಡಲ್ ಸ್ಥಿರ. ಹಾಗೆಂದು ತೀರಾ ಕಡಿಮೆಯೂ ಬೇಡ. ನಿಧಾನವಾಗಿ ಗುಡ್ಡೆ ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಓಲಾಡುತ್ತದೆ. ಕಡಿದಾದ ಇಳಿಜಾರಿಗೂ ದಿನನಿತ್ಯದ ದಾರಿಗೂ ಒಂದೇ ಸೈಕಲ್ ಬೇಕೆನ್ನುವವರಿಗೆ 66ರಿಂದ 68 ಡಿಗ್ರಿ ಹದವಾದದ್ದು. ಕಂಪನಿಯ ವಿವರಪಟ್ಟಿಯಲ್ಲಿ 'ಹೆಡ್ ಆಂಗಲ್' ಎಂದು ಬರೆದಿರುತ್ತಾರೆ.

ಇದಕ್ಕಿಂತಲೂ ಸುಲಭದ ಉಪಾಯ ಸೀಟು. ಹತ್ತುವಾಗ ಸೀಟು ಮೇಲಿರಬೇಕು, ಇಳಿಯುವಾಗ ಕೆಳಗಿರಬೇಕು. ದುಬಾರಿ ಸೈಕಲ್ಲುಗಳಲ್ಲಿ ಹ್ಯಾಂಡಲಿನ ಗುಂಡಿ ಒತ್ತಿದರೆ ಸೀಟು ಇಳಿಯುವ 'ಡ್ರಾಪರ್' ಇದೆ. ನಮಗೆ ಸ್ಪಾನರಿಲ್ಲದೆ ಕೈಯಲ್ಲೇ ಬಿಚ್ಚುವ ಹಿಡಿ ಇದ್ದರೂ ಸಾಕು. ಗುಡ್ಡೆಯ ತುದಿಯಲ್ಲಿ ಒಮ್ಮೆ ನಿಂತು, ಸೀಟು ನಾಲ್ಕು ಬೆರಳಿನಷ್ಟು ಇಳಿಸಿ, ಉಸಿರು ಬಿಟ್ಟು ಹೊರಡುವುದು. ಆ ನಿಲ್ಲುವಿಕೆಯೇ ಅರ್ಧ ಸುರಕ್ಷತೆ.

ಈಗ ಮಗನ ಪ್ರೀತಿಯ 'ಡಬಲ್ ಶಾಕರ್'ಗೆ ಬರೋಣ. ಮುಂದೂ ಹಿಂದೂ ಸಸ್ಪೆನ್ಷನ್ ಇರುವ ನಿಜವಾದ ಟ್ರೇಲ್ ಬೈಕುಗಳು ಇವೆ. ಮುಂದೆ ಹಿಂದೆ 120ರಿಂದ 150 ಮಿಲಿಮೀಟರ್ ಕುಗ್ಗಿ ಹಿಗ್ಗುತ್ತವೆ, ಕಲ್ಲುಬಂಡೆಯ ಮೇಲೂ ಚಕ್ರವನ್ನು ನೆಲಕ್ಕೆ ಅಂಟಿಸಿ ಇಡುತ್ತವೆ. ಅವುಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಎಂಟು ಹತ್ತು ಸಾವಿರಕ್ಕೆ ಸಿಗುವ ಡಬಲ್ ಶಾಕರಿನಲ್ಲಿ ಇರುವುದು ಬರೀ ಸ್ಪ್ರಿಂಗು. ಅದನ್ನು ತಡೆದು ನಿಧಾನಕ್ಕೆ ಬಿಡುವ ವ್ಯವಸ್ಥೆ ಇರುವುದಿಲ್ಲ. ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗನ್ನು ಕುಣಿಸುವುದಕ್ಕೇ ಹೋಗುತ್ತದೆ, ಸೈಕಲ್ಲಿನ ಭಾರವೂ ಹೆಚ್ಚು. ಆ ಭಾರವನ್ನು ಬೆಳಿಗ್ಗೆ ಗುಡ್ಡೆ ಮೇಲಕ್ಕೆ ತಳ್ಳಬೇಕಾದದ್ದು ಮಗುವೇ ತಾನೆ? ನನ್ನ ಮಾತು ಕೇಳುವುದಾದರೆ ಹಿಂದೆ ಶಾಕರ್ ಇಲ್ಲದ, ಮುಂದೆ ಸಾಧಾರಣ ಫೋರ್ಕ್ ಇರುವ 'ಹಾರ್ಡ್‌ಟೇಲ್' ತೆಗೆದುಕೊಳ್ಳಿ. ಹಿಂದಿನ ಶಾಕರಿಗೆ ಹೋಗುವ ಹಣ ಬ್ರೇಕಿಗೆ ಹೋಗಲಿ. ನಮ್ಮ ಜಲ್ಲಿ ದಾರಿಗೆ ದಪ್ಪ ಟೈರೇ ಅರ್ಧ ಸಸ್ಪೆನ್ಷನ್. 2.1ರಿಂದ 2.3 ಇಂಚಿನ ಟೈರು, ನಡುವೆ ಒತ್ತಾದ ಹಲ್ಲು, ಅಂಚಿನಲ್ಲಿ ದೊಡ್ಡ ಹಲ್ಲು ಇದ್ದರೆ ಡಾಮರಿನಲ್ಲೂ ಓಡುತ್ತದೆ, ಮಣ್ಣಿನಲ್ಲೂ ಹಿಡಿಯುತ್ತದೆ. ಗಾಳಿಯನ್ನು ಕಲ್ಲಿನಂತೆ ತುಂಬುವ ಅಭ್ಯಾಸ ಬಿಡಬೇಕು. ಟೈರಿನ ಬದಿಯಲ್ಲಿ ಕನಿಷ್ಠ, ಗರಿಷ್ಠ ಒತ್ತಡ ಬರೆದಿರುತ್ತದೆ. ಮಗುವಿನ ಭಾರಕ್ಕೆ ಕನಿಷ್ಠದ ಹತ್ತಿರವಿದ್ದರೆ ಹಿಡಿತ ಹೆಚ್ಚು.

ಗೇರಿನ ವಿಷಯ ಕೊನೆಗೆ ಇಟ್ಟದ್ದು ಬೇಕೆಂತಲೇ. '21 ಗೇರ್' ಎಂದರೆ ಮುಂದೆ 3 ಹಿಂದೆ 7, ಗುಣಿಸಿದರೆ 21. ಅದರಲ್ಲಿ ಹಲವು ಹೆಚ್ಚುಕಡಿಮೆ ಒಂದೇ. ಎಣಿಕೆ ಮುಖ್ಯವಲ್ಲ, ಅತಿ ಹಗುರದ ಗೇರು ಎಷ್ಟು ಹಗುರ ಎನ್ನುವುದು ಮುಖ್ಯ. ಮುಂದಿನ ಅತಿ ಸಣ್ಣ ಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. ಅಜ್ಜನ ಕಾಲದ ಕಪ್ಪು ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಇದ್ದರೆ ಒಮ್ಮೆ ಪೆಡಲು ಸುತ್ತಿದಾಗ ಸೈಕಲ್ಲು ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಅದಕ್ಕೇ ಗುಡ್ಡೆಯಲ್ಲಿ ಉಸಿರುಗಟ್ಟುವುದು. ಅಗ್ಗದ ಎಂಟಿಬಿಯಲ್ಲಿ ಮುಂದೆ 28, ಹಿಂದೆ 28 ಇದ್ದರೆ ಒಂದು ಸುತ್ತಿಗೆ ಸುಮಾರು 2.2 ಮೀಟರ್. ಮುಂದೆ 22, ಹಿಂದೆ 34 ಇದ್ದರೆ ಬರೀ 1.4 ಮೀಟರ್, ನಿಧಾನವಾಗಿ, ಆದರೆ ಕೂತುಕೊಂಡೇ ಹತ್ತಬಹುದು. ಈಚಿನ ಸೈಕಲ್ಲುಗಳಲ್ಲಿ ಮುಂದೆ ಒಂದೇ ಚಕ್ರ ಇಟ್ಟು ಹಿಂದೆ 50 ಹಲ್ಲಿನವರೆಗೆ ಕೊಡುತ್ತಾರೆ, ಅದೂ ಒಳ್ಳೆಯದೇ. ಭಾಗಾಕಾರ ಮಾಡಿ ಒಂದಕ್ಕಿಂತ ಕಡಿಮೆ ಬಂದರೆ ನಮ್ಮ ಗುಡ್ಡೆಗೆ ಸಾಕು. ಈ ಲೆಕ್ಕವನ್ನು ಮಗನಿಂದಲೇ ಮಾಡಿಸಿ, ಅಂಗಡಿಯಲ್ಲೇ!

ಕಂಪನಿಯವರು 'ಎಲ್ಲಕ್ಕೂ ಆಗುವ ಸೈಕಲ್' ಎನ್ನುವಾಗ ಅವರ ಕಣ್ಣಮುಂದೆ ಇರುವುದು ಭಾನುವಾರದ ಸವಾರ. ನಮ್ಮದು ಸೋಮವಾರದ ಸವಾರಿ. ಮಡ್‌ಗಾರ್ಡ್ ಇಲ್ಲದ ಎಂಟಿಬಿಯಲ್ಲಿ ಜುಲೈ ತಿಂಗಳು ಶಾಲೆಗೆ ಬಂದ ಮಗುವಿನ ಬಿಳಿ ಅಂಗಿಯ ಬೆನ್ನು ನೋಡಿದ್ದೀರಾ? ಮೇಲಿಂದ ಕೆಳಗೆ ಒಂದು ಕೆಂಪು ಗೆರೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ! ಮಡ್‌ಗಾರ್ಡ್, ಗಂಟೆ, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಕ್ಯಾರಿಯರ್ ಹಾಕಲು ಚೌಕಟ್ಟಿನಲ್ಲಿ ತೂತು, ಇವೆಲ್ಲ ಇದೆಯೇ ನೋಡಿ. ಪುಸ್ತಕದ ಚೀಲ ಒಂದೇ ಹೆಗಲಿಗೆ ನೇತುಹಾಕಿ ಇಳಿಯುವುದು ಅಪಾಯ. ಒಂದೋ ಎರಡೂ ಹೆಗಲಿಗೆ ಬಿಗಿಯಾಗಿ, ಇಲ್ಲವೇ ಕ್ಯಾರಿಯರಿಗೆ ಕಟ್ಟಿ. ಹೆಲ್ಮೆಟ್ ಇಲ್ಲದೆ ಇಳಿಜಾರಿಲ್ಲ, ಇದರಲ್ಲಿ ಚೌಕಾಸಿಯೂ ಇಲ್ಲ.

ಅಳತೆಯ ಬಗ್ಗೆ ಒಂದು ಮಾತು. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂದು ಅಂಗಿ ಹೊಲಿಸುವ ಹಾಗೆ ಸೈಕಲ್ ಕೊಳ್ಳಬೇಡಿ. ದೊಡ್ಡ ಅಂಗಿಯ ತೋಳು ಮಡಚಬಹುದು, ದೊಡ್ಡ ಸೈಕಲ್ಲಿನ ಚೌಕಟ್ಟು ಮಡಚಲು ಆಗುವುದಿಲ್ಲ. ಮೇಲಿನ ಕೊಳವೆಯ ಎರಡೂ ಬದಿಗೆ ಕಾಲು ಹಾಕಿ ನಿಂತಾಗ ನಡುವೆ ಎರಡು ಇಂಚಾದರೂ ಸಂದು ಇರಬೇಕು. ಇಳಿಜಾರಿನಲ್ಲಿ ಕಾಲು ಊರಬೇಕಾದ ಕ್ಷಣದಲ್ಲಿ ಆ ಎರಡು ಇಂಚಿನ ಬೆಲೆ ಗೊತ್ತಾಗುತ್ತದೆ. ಅಣ್ಣನ ಸೈಕಲ್ಲನ್ನು ತಂಗಿಗೆ ದಾಟಿಸುವಾಗಲೂ ಇದನ್ನೇ ನೋಡಿ. ಹೆಣ್ಣುಮಕ್ಕಳು ಹೈಸ್ಕೂಲಿಗೆ ಬಂದಮೇಲೆ ಸೈಕಲ್ ಬಿಡುವುದಕ್ಕೆ ಹೆದರಿಕೆ ಕಾರಣ ಎನ್ನುತ್ತೇವೆ. ಎಟುಕದ ಲಿವರು, ಅಳತೆ ಮೀರಿದ ಚೌಕಟ್ಟು ಕೊಟ್ಟರೆ ಯಾರಿಗೆ ಹೆದರಿಕೆ ಆಗುವುದಿಲ್ಲ ಹೇಳಿ?

ಇದನ್ನೆಲ್ಲ ಕೇಳಿ ಕೆಲವರು ಎನ್ನಬಹುದು: "ಮಾಷ್ಟ್ರೇ, ಇಷ್ಟೆಲ್ಲ ಹಣ ಎಲ್ಲಿಂದ? ಹದಿನೈದು ಇಪ್ಪತ್ತು ಸಾವಿರದ ಸೈಕಲ್ ನಮಗೆ ಆಗುತ್ತದಾ?" ನ್ಯಾಯವಾದ ಮಾತು. ಅಡಿಕೆಗೆ ಮಹಾಳಿ ಬಂದ ವರ್ಷ ಸೈಕಲ್ಲಿನ ಮಾತೆತ್ತುವುದೇ ಕಷ್ಟ. ಆದರೆ ನಾನು ಹೇಳುತ್ತಿರುವುದು ಹೆಚ್ಚು ಖರ್ಚು ಮಾಡಿ ಎಂದಲ್ಲ, ಖರ್ಚಿನ ಸರದಿ ಬದಲಿಸಿ ಎಂದು. ಮೊದಲು ಬ್ರೇಕು, ಆಮೇಲೆ ಅಳತೆ, ಆಮೇಲೆ ಟೈರು, ಆಮೇಲೆ ಗೇರು, ಕೊನೆಗೆ ಶಾಕರು, ಬಣ್ಣ. ಈ ಸರದಿಯಲ್ಲಿ ನಿಮ್ಮ ಹಣ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ನಿಲ್ಲಿಸಿ. ಈಗ ಮನೆಯಲ್ಲಿ ಇರುವ ಗೇರಿಲ್ಲದ ಸೈಕಲ್ಲಿಗೇ ಹೊಸ ಪ್ಯಾಡು, ಹೊಸ ತಂತಿ ಹಾಕಿಸಿ. ಕೆಲವು ನೂರು ರೂಪಾಯಿಯಲ್ಲಿ ಅದು ಹೊಸ ಡಬಲ್ ಶಾಕರಿಗಿಂತ ಒಳ್ಳೆಯ ಗುಡ್ಡೆ ಸೈಕಲ್ ಆಗಬಹುದು. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಇದೇ ಸರದಿಯಲ್ಲಿ ಪರೀಕ್ಷಿಸಿ.

ಇನ್ನು ಕೆಲವರು "ಸೈಕಲ್ಲೇ ಬೇಡ, ಗುಡ್ಡೆ ದಾರಿ ಅಪಾಯ" ಎನ್ನುತ್ತಾರೆ. ಹಾಗೆ ಹೇಳಿದ ಮನೆಯಲ್ಲೇ ಹತ್ತನೇ ತರಗತಿ ಮುಗಿದ ಕೂಡಲೇ ಮಗನ ಕೈಗೆ ಸ್ಕೂಟರಿನ ಕೀ ಹೋಗುವುದನ್ನು ನಾವು ನೋಡುತ್ತಿಲ್ಲವೇ? 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ನಂತರ ಅದಕ್ಕೆ ಪೋಷಕರಿಗೇ 25,000 ರೂಪಾಯಿ ದಂಡ, ಜೈಲುಶಿಕ್ಷೆಯೂ ಇದೆ. ಸೈಕಲ್ಲಿನಲ್ಲಿ ಬ್ರೇಕು ಹಿಡಿಯಲು ಕಲಿತ ಮಗು ನಾಳೆ ಸ್ಕೂಟರಿನಲ್ಲೂ ಹಿಡಿಯುತ್ತದೆ. ಇಳಿಜಾರನ್ನು ಮಗುವಿನಿಂದ ದೂರ ಇಡುವುದು ನಮ್ಮೂರಿನಲ್ಲಿ ಸಾಧ್ಯವೇ ಇಲ್ಲ, ಮನೆಯೇ ಅದರ ಬುಡದಲ್ಲಿದೆಯಲ್ಲ!

ಕೊನೆಯದಾಗಿ ನಮ್ಮ ಶಾಲೆಗಳಿಗೆ, ಅಧ್ಯಾಪಕ ರಕ್ಷಕ ಸಂಘಗಳಿಗೆ ಒಂದು ಸಲಹೆ. ಮಳೆಗಾಲ ಶುರುವಾದ ಮೊದಲ ವಾರ ಶಾಲೆಯ ಮೈದಾನದಲ್ಲಿ ಒಂದು 'ಬ್ರೇಕು ಪಾಠ' ಮಾಡಿ. ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮಕ್ಕಳು ಸೈಕಲ್ಲಿನಲ್ಲಿ ಸಾಧಾರಣ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಹಿಡಿಯಲಿ. ಎಷ್ಟು ಮೀಟರಿನಲ್ಲಿ ನಿಂತಿತು, ಟೇಪಿನಲ್ಲಿ ಅಳೆಯಲಿ. ಮತ್ತೆ ಚಕ್ರಕ್ಕೆ ಒಂದು ಚೊಂಬು ನೀರು ಸುರಿದು ಇನ್ನೊಮ್ಮೆ. ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಬರೆದು, ವ್ಯತ್ಯಾಸ ಯಾಕೆ ಎಂದು ವಿಜ್ಞಾನದ ತರಗತಿಯಲ್ಲಿ ಚರ್ಚಿಸಲಿ. ಘರ್ಷಣೆ, ಶಕ್ತಿ, ವೇಗ ಎಲ್ಲ ಒಂದೇ ಪೀರಿಯಡಿನಲ್ಲಿ ಕನ್ನಡದಲ್ಲೇ ಅರ್ಥವಾಗುತ್ತದೆ. ಹತ್ತು ಮೀಟರಿಗೂ ನಿಲ್ಲದ ಸೈಕಲ್ಲುಗಳ ಪಟ್ಟಿ ಮಾಡಿ, ಪೇಟೆಯ ಸೈಕಲ್ ಅಂಗಡಿಯವರನ್ನು ಒಂದು ಮಧ್ಯಾಹ್ನ ಕರೆಸಿ ಅಲ್ಲೇ ಸರಿಮಾಡಿಸಿದರೆ ಸಂಘಕ್ಕೆ ದೊಡ್ಡ ಖರ್ಚೇನೂ ಬೀಳದು.

ಕನ್ನಡ ಶಾಲೆ ಉಳಿಯಬೇಕು ಎಂದು ವೇದಿಕೆಯಲ್ಲಿ ನಾವು ಬಹಳ ಮಾತಾಡುತ್ತೇವೆ. ಮಾತಾಡಬೇಕಾದದ್ದೇ. ಜತೆಗೆ ಆ ಶಾಲೆಗೆ ಬರುವ ಮಗುವಿನ ಸೈಕಲ್ಲಿನ ಬ್ರೇಕ್ ಲಿವರನ್ನು ಇವತ್ತು ಸಂಜೆ ಒಮ್ಮೆ ಒತ್ತಿ ನೋಡಿ. ಲಿವರು ಹ್ಯಾಂಡಲಿಗೆ ತಾಗುವವರೆಗೂ ಬಂದರೆ ನಾಳೆ ಆ ಸೈಕಲ್ಲು ಗುಡ್ಡೆಗೆ ಬೇಡ, ಮೊದಲು ಅಂಗಡಿಗೆ ಹೋಗಲಿ.

ನಿಮ್ಮ ಊರಿನ ಇಳಿಜಾರು ಹೇಗಿದೆ? ನೀವೇನಂತೀರಿ?